ಕಾರ್ಖಾನೆ ಗಡಿ ದಾಟಿತು, ವರದಿ ದಾಟಲಿಲ್ಲ

ಸಿಪ್ರೊಫ್ಲಾಕ್ಸಾಸಿನ್ ಮಾತ್ರೆ ಗೊತ್ತಿಲ್ಲದ ಮನೆ ಕಡಿಮೆ. ಭೇದಿಗೆ, ಮೂತ್ರದ ಸೋಂಕಿಗೆ, ಒಂದು ಕಾಲಕ್ಕೆ ಟೈಫಾಯಿಡ್‌ಗೂ ಡಾಕ್ಟರು ಬರೆದುಕೊಡುತ್ತಿದ್ದ ಅಗ್ಗದ ಆ್ಯಂಟಿಬಯಾಟಿಕ್ ಅದು. ಹೈದರಾಬಾದಿನಿಂದ ಮುಂಬೈ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಪಟಾನ್‌ಚೆರುವಿನಲ್ಲಿ, ಸುಮಾರು 90 ಔಷಧ ಕಾರ್ಖಾನೆಗಳ ಹೊಲಸು ನೀರನ್ನು ಒಟ್ಟಿಗೆ ಶುದ್ಧ ಮಾಡುವ ಘಟಕವೊಂದಿದೆ. ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ ಯೋಆಕಿಮ್ ಲಾರ್ಸನ್ ಮತ್ತು ಸಂಗಡಿಗರು ಆ ಘಟಕದಿಂದ ಶುದ್ಧವಾಗಿ ಹೊರಬರುತ್ತಿದ್ದ ನೀರನ್ನು ಪರೀಕ್ಷಿಸಿ 2007ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಆ ನೀರಿನಲ್ಲಿ ಲೀಟರಿಗೆ 31 ಮಿಲಿಗ್ರಾಂ ತನಕ ಸಿಪ್ರೊಫ್ಲಾಕ್ಸಾಸಿನ್ ಇತ್ತು.

31 ಮಿಲಿಗ್ರಾಂ ಎಂದರೆ ಹೆಚ್ಚೋ ಕಡಿಮೆಯೋ ಎಂಬುದು ಮೇಲ್ನೋಟಕ್ಕೆ ಹೊಳೆಯುವುದಿಲ್ಲ. ಲೆಕ್ಕ ಹಾಕಿದರೆ, 500 ಮಿಲಿಗ್ರಾಮಿನ ಒಂದು ಮಾತ್ರೆಯನ್ನು ಹದಿನಾರು ಲೀಟರ್ ನೀರಿನಲ್ಲಿ, ಅಂದರೆ ಹೆಚ್ಚುಕಡಿಮೆ ಒಂದು ಕೊಡ ನೀರಿನಲ್ಲಿ ಕರಗಿಸಿದಂತೆ. ಕೊಡಕ್ಕೊಂದು ಮಾತ್ರೆ. ಕೆಲವು ಜಾತಿಯ ಬ್ಯಾಕ್ಟೀರಿಯಾಗಳನ್ನು ಕೊಲ್ಲಲು ಬೇಕಾದದ್ದಕ್ಕಿಂತ ಸಾವಿರ ಪಟ್ಟು ಹೆಚ್ಚು. ಒಂದು ದಿನಕ್ಕೆ ಹೀಗೆ ಹರಿದುಹೋಗುತ್ತಿದ್ದ ಸಿಪ್ರೊಫ್ಲಾಕ್ಸಾಸಿನ್ ಸುಮಾರು 45 ಕಿಲೋ ಎಂದು ಅವರು ಅಂದಾಜು ಮಾಡಿದರು. ಆಗ 90 ಲಕ್ಷ ಜನರಿದ್ದ ಸ್ವೀಡನ್ ದೇಶವೇ ಐದು ದಿನಕ್ಕೆ ನುಂಗುತ್ತಿದ್ದ ಪ್ರಮಾಣ ಅದು. ಮಾತ್ರೆಯ ಲೆಕ್ಕದಲ್ಲಿ ಹೇಳುವುದಾದರೆ ದಿನಕ್ಕೆ 90,000 ಮಾತ್ರೆ ಹಳ್ಳಕ್ಕೆ.

ಹಳ್ಳದ ಹೆಸರು ಇಸಕವಾಗು. ತೆಲುಗಿನ ‘ವಾಗು’ ಎಂದರೆ ಹಳ್ಳ, ‘ಇಸುಕ’ ಎಂದರೆ ಮರಳು. ಮರಳಹಳ್ಳ ಮುಂದೆ ನಕ್ಕವಾಗು, ಅಂದರೆ ನರಿಹಳ್ಳವನ್ನು ಸೇರುತ್ತದೆ. ನರಿಹಳ್ಳ ಮಾಂಜ್ರಾ ನದಿಯನ್ನು ಸೇರುತ್ತದೆ. ಈ ಮಾಂಜ್ರಾ ಕನ್ನಡಿಗರಿಗೆ ಹೊಸಬಳಲ್ಲ. ಬಾಲಾಘಾಟದ ಬೆಟ್ಟಗಳಲ್ಲಿ ಹುಟ್ಟಿ, ಬೀದರ್ ಜಿಲ್ಲೆಯನ್ನು ಹಾದು, ಆಮೇಲೆ ತೆಲಂಗಾಣಕ್ಕೆ ಇಳಿಯುವ ನದಿ ಅದೇ.

2009ರಲ್ಲಿ ಬಂದ ಇನ್ನೊಂದು ಪ್ರಬಂಧದಲ್ಲಿ ಸುತ್ತಲಿನ ಕೆರೆ, ಬಾವಿಗಳ ಲೆಕ್ಕವೂ ಸಿಕ್ಕಿತು. ಆರು ಹಳ್ಳಿಗಳ ಬಾವಿನೀರಿನಲ್ಲಿ ಔಷಧಗಳ ಅಂಶವಿತ್ತು: ನೆಗಡಿ, ಅಲರ್ಜಿಗೆ ಕೊಡುವ ಸೆಟಿರಿಜಿನ್, ಚರ್ಮದ ಹುಳುಕಡ್ಡಿಗೆ ಕೊಡುವ ಟರ್ಬಿನಾಫಿನ್, ಖಿನ್ನತೆಗೆ ಕೊಡುವ ಸಿಟಾಲೊಪ್ರಾಮ್. ಕಾಯಿಲೆಯೇ ಇಲ್ಲದವರ ಕೊಡಕ್ಕೆ ಚೀಟಿಯಿಲ್ಲದೆ ಬಿದ್ದ ಔಷಧ. ಪ್ರಮಾಣ ಸಣ್ಣದು, ಒಪ್ಪಬೇಕು. ಆದರೆ ಆ್ಯಂಟಿಬಯಾಟಿಕ್‌ನ ವಿಷಯದಲ್ಲಿ ಸಣ್ಣ ಪ್ರಮಾಣಕ್ಕೇ ಬೇರೆ ಅಪಾಯವಿದೆ. ಸಾಯದಷ್ಟು ಔಷಧದ ನಡುವೆ ತಲೆಮಾರುಗಟ್ಟಲೆ ಬದುಕಿದ ಬ್ಯಾಕ್ಟೀರಿಯಾ ಆ ಔಷಧಕ್ಕೆ ಬಗ್ಗದಿರುವುದನ್ನು ಕಲಿಯುತ್ತದೆ, ಕಲಿತದ್ದನ್ನು ನೆರೆಯ ಬ್ಯಾಕ್ಟೀರಿಯಾಕ್ಕೂ ದಾಟಿಸುತ್ತದೆ. ಹೀಗೆ ಔಷಧಕ್ಕೆ ಬಗ್ಗದ ಸೋಂಕುಗಳಿಂದಲೇ 2019ರಲ್ಲಿ ಜಗತ್ತಿನಲ್ಲಿ 12.7 ಲಕ್ಷ ಜನ ಸತ್ತರೆಂದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಅಂದಾಜು ಹೇಳುತ್ತದೆ. ಇದರಲ್ಲಿ ಪಟಾನ್‌ಚೆರುವಿನ ಪಾಲೆಷ್ಟು ಎಂದು ಬೊಟ್ಟು ಮಾಡಲಾಗದು. ಬ್ಯಾಕ್ಟೀರಿಯಾ ಊರ ಹೆಸರು ಬರೆದುಕೊಂಡು ಓಡಾಡುವುದಿಲ್ಲ.

ಈ ಊರು ಹೀಗಾದದ್ದಕ್ಕೆ ಯಾರ ದುರುದ್ದೇಶವೂ ಮೂಲವಲ್ಲ ಎನ್ನುವುದೇ ಇಲ್ಲಿನ ಕಸಿವಿಸಿ. 1960ರ ದಶಕದಲ್ಲಿ ಸೋವಿಯತ್ ನೆರವಿನಿಂದ ಹೈದರಾಬಾದಿನ ಬಾಲಾನಗರದಲ್ಲಿ ಐಡಿಪಿಎಲ್ ಎಂಬ ಸರ್ಕಾರಿ ಔಷಧ ಕಾರ್ಖಾನೆ ಬಂತು. 1970ರ ಪೇಟೆಂಟ್ ಕಾಯ್ದೆ ಔಷಧದ ಬದಲು ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಪೇಟೆಂಟ್ ಎಂದಿತು. ಬೇರೆ ವಿಧಾನ ಕಂಡುಹಿಡಿದರೆ ಅದೇ ಔಷಧವನ್ನು ಅಗ್ಗವಾಗಿ ಮಾಡಬಹುದಾಯಿತು. ಐಡಿಪಿಎಲ್‌ನಲ್ಲಿ ಕೆಲಸ ಕಲಿತ ರಸಾಯನತಜ್ಞರು ಹೊರಬಂದು ಸ್ವಂತ ಕಂಪನಿ ಕಟ್ಟಿದರು, ಡಾ. ರೆಡ್ಡೀಸ್ ಸ್ಥಾಪಿಸಿದ ಕಲ್ಲಂ ಅಂಜಿ ರೆಡ್ಡಿಯವರೂ ಅಲ್ಲಿಂದ ಬಂದವರೇ. ಹಿಂದುಳಿದ ಮೇದಕ್ ಜಿಲ್ಲೆಗೆ ಉದ್ಯಮ ಬರಲೆಂದು ಸರ್ಕಾರ ಪಟಾನ್‌ಚೆರು, ಬೊಲ್ಲಾರಂಗಳಲ್ಲಿ ಜಾಗ, ರಿಯಾಯಿತಿ ಕೊಟ್ಟಿತು. ಇಂದು ಯಾದಗಿರಿಯ ಕೂಲಿಯವನಿಗೂ ಕೈಗೆಟಕುವ ಬೆಲೆಯಲ್ಲಿ ಮಾತ್ರೆ ಸಿಗುವುದಕ್ಕೆ ಈ ಇತಿಹಾಸವೇ ಕಾರಣ. ಮಾತ್ರೆಯ ಬೆಲೆಯಲ್ಲಿ ಸೇರದ ಖರ್ಚೊಂದು ಇತ್ತು, ಅದನ್ನು ಬಾವಿಗಳ ಲೆಕ್ಕಕ್ಕೆ ಬರೆಯಲಾಯಿತು, ಅಷ್ಟೇ.

ಇದನ್ನು ಮೊದಲು ಕಂಡವರು ಸ್ವೀಡನ್ನಿನವರಲ್ಲ. ಬಾವಿಯ ನೀರಿನ ಬಣ್ಣ ತಿರುಗಿದ್ದನ್ನು, ಗದ್ದೆಯ ಪೈರು ಸುಟ್ಟದ್ದನ್ನು ಆ ಊರಿನವರು 1980ರ ದಶಕದಲ್ಲೇ ಹೇಳಿದ್ದರು. ಪಟಾನ್‌ಚೆರುವಿನಲ್ಲಿ ದವಾಖಾನೆ ನಡೆಸುತ್ತಿದ್ದ ಡಾ. ಕಿಶನ್ ರಾವ್ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಕಂಡದ್ದನ್ನು ಹಿಡಿದು ವರ್ಷಗಟ್ಟಲೆ ಹೋರಾಡಿದರು. 1990ರಲ್ಲಿ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿಂದ ಹೈಕೋರ್ಟಿಗೆ, ಅಲ್ಲಿಂದ ಹಸಿರು ನ್ಯಾಯಮಂಡಳಿಗೆ ವರ್ಗವಾಗಿ 2017ರಲ್ಲಿ ವಿಲೇವಾರಿಯಾಯಿತು. ಇಪ್ಪತ್ತೇಳು ವರ್ಷ. ನಡುವೆ ಹಳ್ಳಿಗಳಿಗೆ ಬೇರೆ ಕಡೆಯಿಂದ ಕುಡಿಯುವ ನೀರು ಕೊಡಬೇಕು, ಪರಿಹಾರ ಕೊಡಬೇಕು ಎಂಬ ಆದೇಶಗಳು ಬಂದವು. 2009ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ 43 ಕೈಗಾರಿಕಾ ಪ್ರದೇಶಗಳನ್ನು ‘ತೀವ್ರ ಕಲುಷಿತ’ ಎಂದು ಪಟ್ಟಿ ಮಾಡಿದಾಗ ಪಟಾನ್‌ಚೆರು-ಬೊಲ್ಲಾರಂ ಅದರಲ್ಲಿತ್ತು. ಕರ್ನಾಟಕದ ಮಂಗಳೂರು, ಭದ್ರಾವತಿಗಳೂ ಇದ್ದವು ಎನ್ನುವುದನ್ನು ಮರೆಯುವಂತಿಲ್ಲ. ಪಟಾನ್‌ಚೆರುವಿನ ಘಟಕದಿಂದ ಸುಮಾರು 18 ಕಿಲೋಮೀಟರ್ ಉದ್ದದ ಪೈಪು ಹಾಕಿ, ಅದರ ನೀರನ್ನು ನಗರದ ಚರಂಡಿ ವ್ಯವಸ್ಥೆಗೆ ಸೇರಿಸಿ, ಅಂಬರಪೇಟೆಯ ಕೊಳಚೆ ಶುದ್ಧೀಕರಣ ಘಟಕದ ಮೂಲಕ ಮೂಸಿ ನದಿಗೆ ಬಿಡುವ ವ್ಯವಸ್ಥೆಯಾಯಿತು. ನರಿಹಳ್ಳದ ಹೊರೆ ಮೂಸಿಯ ತಲೆಗೆ. ಮೂಸಿಯ ನೀರಿನಲ್ಲಿ ಕೆಳಗಡೆ ಭತ್ತ, ಮೇವು, ಸೊಪ್ಪು ಬೆಳೆಯುತ್ತಾರೆ.

ಔಷಧ ಕಾರ್ಖಾನೆಯಿಂದ ಹೊರಬೀಳುವ ನೀರಿನಲ್ಲಿ ಆ್ಯಂಟಿಬಯಾಟಿಕ್ ಎಷ್ಟಿರಬಹುದು ಎಂಬುದಕ್ಕೆ ಮಿತಿ ಹಾಕುವ ಕರಡನ್ನು ಕೇಂದ್ರ ಪರಿಸರ ಸಚಿವಾಲಯ 2020ರ ಜನವರಿಯಲ್ಲಿ ಹೊರಡಿಸಿತು. ಅಂಥ ಮಿತಿಗಳನ್ನು ಕಾನೂನಿಗೆ ತರುವ ದಿಕ್ಕಿನಲ್ಲಿ ದೊಡ್ಡ ಹೆಜ್ಜೆ ಅದು. 2021ರ ಆಗಸ್ಟಿನಲ್ಲಿ ಅಂತಿಮ ಅಧಿಸೂಚನೆ ಬಂದಾಗ ಆ ಮಿತಿಗಳೇ ಅದರಲ್ಲಿ ಇರಲಿಲ್ಲ. ಪಟಾನ್‌ಚೆರುವಿನ ನೀರು ಜಗತ್ತಿನ ಪ್ರಯೋಗಾಲಯಗಳಿಗೆ ಹೋಗಿ ಪಾಠವಾಯಿತು. ಅದು ಹುಟ್ಟಿದ ದೇಶದ ಕಾನೂನಿನಲ್ಲಿ ಮಾತ್ರ ಅದಕ್ಕೆ ಜಾಗ ಸಿಗಲಿಲ್ಲ.

ಇಷ್ಟೆಲ್ಲ ನೆರೆರಾಜ್ಯದ ಕಥೆಯಾಗಿಯೇ ಉಳಿದಿದ್ದರೆ ಕನ್ನಡದಲ್ಲಿ ಇದನ್ನು ಬರೆಯುವ ತುರ್ತು ಇಷ್ಟಿರುತ್ತಿರಲಿಲ್ಲ. ಯಾದಗಿರಿ ಜಿಲ್ಲೆಯ ಕಡೇಚೂರು-ಬಾಡಿಯಾಳದಲ್ಲಿ ಕೈಗಾರಿಕಾ ಪ್ರದೇಶಕ್ಕೆಂದು ಸುಮಾರು 3,200 ಎಕರೆ ಜಮೀನನ್ನು ರೈತರಿಂದ ತೆಗೆದುಕೊಂಡು ಒಂದು ದಶಕ ದಾಟಿತು. ಸೈದಾಪುರದ ಹತ್ತಿರ, ತೆಲಂಗಾಣದ ಗಡಿಗೆ ಕೂಗಳತೆಯಲ್ಲಿರುವ ಜಾಗ. ಅಲ್ಲಿಗೆ ಬಂದ ಘಟಕಗಳಲ್ಲಿ ಔಷಧ ಮತ್ತು ರಾಸಾಯನಿಕ ಕಾರ್ಖಾನೆಗಳೇ ಎದ್ದು ಕಾಣುತ್ತವೆ, ಹಲವಕ್ಕೆ ಹೈದರಾಬಾದಿನ ಬೇರಿದೆ. ಸುತ್ತಲಿನ ಊರುಗಳವರು ರಾತ್ರಿ ಹೊತ್ತಿನ ಗಬ್ಬುವಾಸನೆ, ಉಸಿರಾಟದ ತೊಂದರೆ, ಹಳ್ಳಕ್ಕೆ ಬಿಡುವ ನೀರು, ಸ್ಥಳೀಯರಿಗೆ ಸಿಗದ ಕೆಲಸ ಎಂದು ದೂರುತ್ತಲೇ ಬಂದಿದ್ದಾರೆ. ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದ ಸುತ್ತಲಿನವರ ದೂರು ಇದಕ್ಕಿಂತ ಹಳೆಯದು. ಅಲ್ಲಿಯೂ ರಾಸಾಯನಿಕ ಘಟಕಗಳು, ಅಲ್ಲಿಯೂ ಬಾವಿಯ ನೀರು.

ಪಟಾನ್‌ಚೆರುವಿನ 1980ರ ದಶಕದ ದೂರುಗಳನ್ನೂ ಕಡೇಚೂರಿನ ಈಗಿನ ದೂರುಗಳನ್ನೂ ಪಕ್ಕಪಕ್ಕ ಇಟ್ಟರೆ ಭಾಷೆ ಬೇರೆ, ವಾಕ್ಯ ಒಂದೇ. ಮೊದಲು ವಾಸನೆ, ಆಮೇಲೆ ಹಳ್ಳ, ಆಮೇಲೆ ಬಾವಿ, ಆಮೇಲೆ ಮೈ. ನಡುವೆ ಮೂವತ್ತು ನಲವತ್ತು ವರ್ಷದ ಸಂಶೋಧನೆ ಇದೆ, ಕೋರ್ಟಿನ ಕಡತವಿದೆ, ವಿದೇಶಿ ಪ್ರಬಂಧಗಳಿವೆ. ಕಾರ್ಖಾನೆ ಕಟ್ಟುವ ಜ್ಞಾನ ಗಡಿ ದಾಟಿ ಬಂತು: ಯಾವ ರಿಯಾಕ್ಟರ್, ಯಾವ ದ್ರಾವಕ, ಎಷ್ಟು ಕಾರ್ಮಿಕರು ಎಲ್ಲವೂ ಬಂತು. ಅದರ ಪಕ್ಕ ಬದುಕುವುದರ ಬಗ್ಗೆ ಕೂಡಿಬಂದ ಜ್ಞಾನ ಮಾತ್ರ ಬರಲಿಲ್ಲ. ತರುವುದು ಯಾರ ಕೆಲಸವೂ ಆಗಿರಲಿಲ್ಲ. ಒಂದು ಮಾಲಿನ್ಯ ಮಂಡಳಿ ತೆಲಂಗಾಣದ್ದು, ಇನ್ನೊಂದು ಕರ್ನಾಟಕದ್ದು. ಗೋಥೆನ್‌ಬರ್ಗಿನ ಸಂಶೋಧಕ ಕಡೇಚೂರಿಗೆ ಬಂದು ಹೇಳಬೇಕೆಂದು ಅಪೇಕ್ಷಿಸುವುದು ಅನ್ಯಾಯ.

ಕಾನೂನಿನಲ್ಲಿ ಇದಕ್ಕೊಂದು ಸಂದಿ ಇತ್ತು. ದೊಡ್ಡ ಯೋಜನೆಗೆ ಪರಿಸರ ಅನುಮತಿ ಕೊಡುವ ಮುನ್ನ ಸಾರ್ವಜನಿಕ ಅಹವಾಲು ಸಭೆ ನಡೆಸಬೇಕು ಎನ್ನುತ್ತದೆ 2006ರ ಅಧಿಸೂಚನೆ. ಅದೇ ಅಧಿಸೂಚನೆಯ ಪ್ರಕಾರ, ಅನುಮತಿ ಪಡೆದ ಕೈಗಾರಿಕಾ ಪ್ರದೇಶದೊಳಗೆ ಬರುವ ಘಟಕಗಳಿಗೆ ಪ್ರತ್ಯೇಕ ಅಹವಾಲು ಬೇಡ. ಅಂದರೆ ಜನರನ್ನು ಕೇಳುವುದು ಬಂದರೆ ಒಮ್ಮೆ, ಅದೂ ಯಾವ ಕಾರ್ಖಾನೆ ಬರುತ್ತದೆ ಎಂಬುದು ಗೊತ್ತಾಗುವ ಮೊದಲು. ಕೋವಿಡ್ ಕಾಲದಲ್ಲಿ, 2020ರ ಮಾರ್ಚ್‌ನಲ್ಲಿ, ಆ ಕಾಯಿಲೆಗೆ ಬೇಕಾದ ಕಚ್ಚಾ ಔಷಧ ತಯಾರಿಸುವ ಯೋಜನೆಗಳನ್ನು ಅಹವಾಲು ಸಭೆಯೇ ಬೇಕಿಲ್ಲದ ವರ್ಗಕ್ಕೆ ಸ್ವಲ್ಪ ಕಾಲ ಸೇರಿಸಲಾಯಿತು. ಆ ದಿನಗಳ ಗಾಬರಿಯಲ್ಲಿ ಅದು ಅರ್ಥವಾಗುವಂಥದ್ದೇ. ಆದರೆ ಅವಸರದಲ್ಲಿ ಕಟ್ಟಿದ ಗೋಡೆ ಅವಸರ ಮುಗಿದ ಮೇಲೂ ನಿಂತಿರುತ್ತದೆ.

ಇನ್ನು ಭಾಷೆ. ಅಹವಾಲು ನಡೆದರೂ ಸ್ಥಳೀಯ ಭಾಷೆಯಲ್ಲಿ ಕೊಡಬೇಕಾದದ್ದು ವರದಿಯ ಸಾರಾಂಶವನ್ನು ಮಾತ್ರ. ನೂರಾರು ಪುಟಗಳ ಮೂಲ ಇಂಗ್ಲಿಷಿನಲ್ಲಿರುತ್ತದೆ. ಬಾವಿಯ ಆಳ, ಮಣ್ಣಿನ ಪರೀಕ್ಷೆ, ಗಾಳಿಯ ದಿಕ್ಕು, ಎಲ್ಲಿ ಯಾವ ದಿನ ಮಾದರಿ ತೆಗೆದರು ಎಂಬುದೆಲ್ಲ ಆ ಮೂಲದಲ್ಲೇ ಉಳಿಯುತ್ತದೆ. ಊರಿನವರು ತಪ್ಪು ಹಿಡಿಯಬಲ್ಲ ಜಾಗವೂ ಅದೇ. ‘ಅಲ್ಲಿ ಹಳ್ಳವಿಲ್ಲ’ ಎಂದು ವರದಿ ಹೇಳಿದರೆ, ಇದೆ ಎಂದು ತೋರಿಸಲು ಹೈಡ್ರಾಲಜಿ ಓದಬೇಕಿಲ್ಲ. ಎಮ್ಮೆ ಮೇಯಿಸುವ ಹುಡುಗ ಸಾಕು. ಆದರೆ ಅವನಿಗೆ ಆ ಸಾಲು ತಲುಪಬೇಕಲ್ಲ.

ಸಾರಾಂಶದ ಕನ್ನಡ ಹೇಗಿರುತ್ತದೆ ಎಂಬುದು ಸರ್ಕಾರಿ ಅನುವಾದ ಓದಿದವರಿಗೆಲ್ಲ ಗೊತ್ತು. ‘ಗಣನೀಯ ದುಷ್ಪರಿಣಾಮ ಕಂಡುಬರುವುದಿಲ್ಲ’ ಎಂಬ ಜಾತಿಯ ವಾಕ್ಯವನ್ನೇ ತೆಗೆದುಕೊಳ್ಳಿ. ಇಂಗ್ಲಿಷಿನ ‘ಸಿಗ್ನಿಫಿಕೆಂಟ್’ ಸಂಖ್ಯಾಶಾಸ್ತ್ರದಲ್ಲಿ ಒಂದು ಖಚಿತ ಅರ್ಥವಿರುವ ಪದ: ಬರೀ ಆಕಸ್ಮಿಕವೇ ಕಾರಣವಾಗಿದ್ದರೆ ಇಷ್ಟು ವ್ಯತ್ಯಾಸ ಕಾಣುವ ಸಾಧ್ಯತೆ ಎಷ್ಟು ಕಡಿಮೆ ಎಂಬುದರ ಅಳತೆ. ಐವತ್ತು ಜನರನ್ನು ಮಾತ್ರ ನೋಡಿದರೆ ನಿಜವಾದ ಕಾಯಿಲೆಯೂ ಈ ಅಳತೆಯಲ್ಲಿ ಹಿಡಿಯಲು ಸಿಗದೇ ಹೋಗಬಹುದು. ಕನ್ನಡದ ‘ಗಣನೀಯ’ಕ್ಕೆ ಅಂಥ ಅರ್ಥವಿಲ್ಲ, ಅದು ‘ಲೆಕ್ಕಕ್ಕೆ ತೆಗೆದುಕೊಳ್ಳುವಷ್ಟು’ ಎಂದು ಹೇಳುತ್ತದೆ. ‘ನಾವು ನೋಡಿದ್ದು ಸಾಲದು’ ಎಂಬುದು ಕನ್ನಡಕ್ಕೆ ಬರುವಾಗ ‘ನಿಮ್ಮ ತೊಂದರೆ ಲೆಕ್ಕಕ್ಕಿಲ್ಲ’ ಎಂದಾಗುತ್ತದೆ. ಯಾರೂ ಸುಳ್ಳು ಹೇಳಿಲ್ಲ. ಆದರೂ ಕೇಳಿದವರಿಗೆ ಮುಟ್ಟಿದ್ದು ಸುಳ್ಳು.

2020ರಲ್ಲಿ ಕೇಂದ್ರ ಸರ್ಕಾರ ಪರಿಸರ ಅನುಮತಿಯ ನಿಯಮವನ್ನೇ ಬದಲಿಸುವ ಕರಡು ತಂದಾಗ ಅದನ್ನು ಭಾರತೀಯ ಭಾಷೆಗಳಿಗೆ ಅನುವಾದಿಸಬೇಕೆಂದು ದೆಹಲಿ ಹೈಕೋರ್ಟ್ ಹೇಳಿತು. ಸ್ಥಳೀಯ ಭಾಷೆಯಲ್ಲಿ ಪ್ರಚಾರವಾಗಿಲ್ಲ ಎಂಬ ದೂರಿನ ಮೇಲೆ ಕರ್ನಾಟಕ ಹೈಕೋರ್ಟ್ ಕರಡನ್ನು ಅಂತಿಮಗೊಳಿಸದಂತೆ ತಡೆಯಿತು. ಅನುವಾದ ಒಂದು ಅಲಂಕಾರವಲ್ಲ, ಹಕ್ಕಿನ ಭಾಗ ಎಂದು ನ್ಯಾಯಾಲಯಗಳಿಗೆ ಅನ್ನಿಸಿದ ಅಪರೂಪದ ಕ್ಷಣ ಅದು. ಆ ಕ್ಷಣ ಕರಡಿಗೆ ಮಾತ್ರ ಸೀಮಿತವಾಯಿತು ಎನ್ನುವುದು ಬೇಸರ.

ವಿಚಿತ್ರವೆಂದರೆ ಈ ಸೀಮೆಯನ್ನು ಒಟ್ಟಾಗಿ ಅಳೆಯುವ, ವಿಜ್ಞಾನವನ್ನು ದೇಶಭಾಷೆಗೆ ತರುವ ಎರಡೂ ಕೆಲಸಗಳನ್ನು ಹೈದರಾಬಾದು ಹಿಂದೆ ಮಾಡಿತ್ತು. ನಿಜಾಮರ ಕಾಲದಲ್ಲಿ ರಾಯಚೂರು, ಗುಲ್ಬರ್ಗ, ಬೀದರ್ ಎಲ್ಲವೂ ಹೈದರಾಬಾದ್ ಸಂಸ್ಥಾನದವು. ಅರ್ಥಶಾಸ್ತ್ರಜ್ಞ ಎಸ್. ಕೇಶವ ಅಯ್ಯಂಗಾರರು 1929-30ರಲ್ಲಿ ಸಂಸ್ಥಾನದ ಹಳ್ಳಿಗಳ ಆರ್ಥಿಕ ತನಿಖೆ ನಡೆಸಿದರು, 1949-51ರಲ್ಲಿ ಮತ್ತೊಮ್ಮೆ. ತೆಲುಗು, ಮರಾಠಿ, ಕನ್ನಡ ಸೀಮೆಗಳಿಗೆ ಒಂದೇ ಅಳತೆಗೋಲು. 1917ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕಾಗಿ ‘ದಾರುಲ್ ತರ್ಜುಮಾ’ ಎಂಬ ಅನುವಾದ ಕಚೇರಿ ಶುರುವಾಗಿ, ವೈದ್ಯಕೀಯದ ಪಠ್ಯಗಳನ್ನೂ ಉರ್ದುವಿಗೆ ತಂದಿತು. ಅಲ್ಲಿ ಡಾಕ್ಟರಿಕೆಯನ್ನು ಉರ್ದುವಿನಲ್ಲಿ ಕಲಿತವರಿದ್ದರು. ಇದನ್ನು ಸ್ವರ್ಣಯುಗ ಎನ್ನಲಾಗದು. ಸಂಸ್ಥಾನದ ಬಹುಪಾಲು ಜನರ ಮನೆಮಾತು ತೆಲುಗು, ಮರಾಠಿ, ಕನ್ನಡ. ರಾಯಚೂರಿನ ಹುಡುಗನಿಗೆ ಉರ್ದುವಿನ ಶರೀರಶಾಸ್ತ್ರ ಇಂಗ್ಲಿಷಿನದ್ದಷ್ಟೇ ದೂರ. ಆದರೆ ವಿಜ್ಞಾನವನ್ನು ದೇಶಭಾಷೆಗೆ ತರುವುದು ಆಗದ ಕೆಲಸ ಎಂದು ಈ ನಗರದಲ್ಲಿ ನಿಂತು ಯಾರೂ ಹೇಳುವಂತಿಲ್ಲ. 1956ರಲ್ಲಿ ಭಾಷಾವಾರು ರಾಜ್ಯಗಳಾದಾಗ ಸಂಸ್ಥಾನ ಮೂರು ಪಾಲಾಯಿತು. ಭಾಷೆಗೆ ಅದು ಒಳ್ಳೆಯದೇ. ಅಳತೆಗೋಲು ಮಾತ್ರ ಅಂದಿನಿಂದ ತುಂಡಾಯಿತು. ಕರ್ನಾಟಕದ ಹಿಂದುಳಿದಿರುವಿಕೆಯನ್ನು ಅಳೆದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ಗುಲ್ಬರ್ಗ ವಿಭಾಗದಲ್ಲಿವೆ ಎಂದು ತೋರಿಸಿಕೊಟ್ಟಿತು. ದೊಡ್ಡ ಕೆಲಸ. ಆದರೆ ಅದರ ಭೂಪಟ ಗಡಿಯಲ್ಲಿ ಮುಗಿಯುತ್ತದೆ. ಗ್ರಾನೈಟ್ ಬಂಡೆ, ಅಂತರ್ಜಲ, ಜೋಳ ಗಡಿಯಲ್ಲಿ ಮುಗಿಯುವುದಿಲ್ಲ.

ಜೋಳದ ಮಾತು ಬಂದಾಗ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಒಂದು ಕೆಲಸವನ್ನು ನೆನೆಯಬೇಕು. 1970ರ ದಶಕದ ಆರಂಭದಲ್ಲಿ ಅಲ್ಲಿನ ವಿಜ್ಞಾನಿಗಳು ಫ್ಲೋರೈಡ್ ಪೀಡಿತ ಹಳ್ಳಿಗಳಲ್ಲಿ ಹರೆಯದವರ ಮೊಣಕಾಲುಗಳು ಒಳಬಾಗಿ ಒಂದಕ್ಕೊಂದು ತಾಗುವುದನ್ನು ದಾಖಲಿಸಿದರು. ನೀರಿನಲ್ಲಿ ಫ್ಲೋರೈಡ್ ಹಿಂದೆಯೂ ಇತ್ತು; ಈ ರೂಪದ ಕಾಯಿಲೆ ಹೊಸದು. ಅವರು ಕೊಟ್ಟ ವಿವರಣೆ ನಾಗಾರ್ಜುನಸಾಗರದತ್ತ ಬೊಟ್ಟು ಮಾಡಿತು. ಅಣೆಕಟ್ಟಿನಿಂದ ನೆಲದೊಳಗಿನ ನೀರು ಮೇಲೇರಿ, ಮಣ್ಣಿನ ಗುಣ ಬದಲಾಗಿ, ಬೆಳೆಯಲ್ಲಿ ಮಾಲಿಬ್ಡಿನಂ ಹೆಚ್ಚಾಗಿ, ದೇಹದ ತಾಮ್ರ ಕಡಿಮೆಯಾಗಿ ಮೂಳೆ ಸೋತಿರಬಹುದು. 1977ರಲ್ಲಿ ಅದೇ ಸಂಸ್ಥೆಯಿಂದ ಬಂದ ಇನ್ನೊಂದು ಅಧ್ಯಯನ, ಅನ್ನ ಉಣ್ಣುವವರಿಗಿಂತ ಜೋಳ ಉಣ್ಣುವವರ ದೇಹದಲ್ಲಿ ಫ್ಲೋರೈಡ್ ಹೆಚ್ಚು ಉಳಿದುಕೊಳ್ಳುತ್ತದೆ ಎಂದು ತೋರಿಸಿತು. ನೀರಾವರಿ, ಊಟ, ಮೂಳೆ ಮೂರನ್ನೂ ಒಂದೇ ಎಳೆಯಲ್ಲಿ ಪೋಣಿಸಿದ ಸಂಶೋಧನೆ. ಪರಿಸರದವರು ಬೇರೆ, ಆರೋಗ್ಯದವರು ಬೇರೆ, ಅರ್ಥಶಾಸ್ತ್ರದವರು ಬೇರೆ ಎಂದು ಕೂತಿದ್ದರೆ ಇದು ಹೊಳೆಯುತ್ತಿರಲಿಲ್ಲ. ಇದರ ನಿಜವಾದ ಓದುಗರು ರಾಯಚೂರು, ಯಾದಗಿರಿ, ಕೊಪ್ಪಳಗಳಲ್ಲಿದ್ದಾರೆ. ಫ್ಲೋರೈಡ್ ನೀರು, ಜೋಳದ ರೊಟ್ಟಿ, ಹೊಸ ಕಾಲುವೆ ಮೂರೂ ಅಲ್ಲಿವೆ. ಕನ್ನಡದ ಶಾಲಾ ಪಠ್ಯದಲ್ಲಿ ಫ್ಲೋರೋಸಿಸ್ ಒಂದು ಸಾಲಿನಲ್ಲಿ ಬಂದು ಹೋದರೆ, ಈ ಎಳೆ ಅದರಲ್ಲಿ ಸಿಗುವುದಿಲ್ಲ. ರೊಟ್ಟಿ ಬಿಡಿ ಎಂದು ಇದರರ್ಥವಲ್ಲ, ಹಾಗೆ ಓದುವುದು ಮೂರ್ಖತನ. ಅಂಥ ಊರಿಗೆ ಶುದ್ಧ ನೀರು ಅನ್ನ ಉಣ್ಣುವ ಊರಿಗಿಂತ ಮೊದಲು ಮುಟ್ಟಬೇಕು ಎಂದು ಅರ್ಥ.

ಪಟಾನ್‌ಚೆರುವಿಗೇ ಮರಳಿದರೆ, ಅಲ್ಲಿ ಇನ್ನೊಂದು ಸಂಸ್ಥೆಯಿದೆ: 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್, ಒಣಭೂಮಿಯ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಕೇಂದ್ರ. ಅದು 1975ರಲ್ಲಿ ಮಹಬೂಬ್‌ನಗರದ ಔರೆಪಲ್ಲಿ, ಸೊಲ್ಲಾಪುರದ ಶಿರಾಪುರ, ಅಕೋಲಾದ ಕಾಂಜರಾ ಮುಂತಾದ ಹಳ್ಳಿಗಳಲ್ಲಿ ಒಂದು ಅಧ್ಯಯನ ಶುರುಮಾಡಿತು. ತನಿಖೆಗಾರ ಆ ಹಳ್ಳಿಯಲ್ಲೇ ಮನೆ ಮಾಡಿಕೊಂಡು ಇರುತ್ತಿದ್ದ, ಅಲ್ಲಿನ ಭಾಷೆ ಆಡುತ್ತಿದ್ದ. ಮೂರು ನಾಲ್ಕು ವಾರಕ್ಕೊಮ್ಮೆ ಅದೇ ಮನೆಗಳಿಗೆ ಹೋಗಿ, ಏನು ಬಿತ್ತಿದಿರಿ, ಎಷ್ಟು ಸಾಲ, ಯಾರು ಕೂಲಿಗೆ ಹೋದರು, ಏನು ಉಂಡಿರಿ ಎಂದು ಬರೆದುಕೊಳ್ಳುತ್ತಿದ್ದ. ವರ್ಷಗಟ್ಟಲೆ. ಬರ ಬಂದಾಗ ಬಡವರು ಹೇಗೆ ಒಬ್ಬರಿಗೊಬ್ಬರು ಆಗುತ್ತಾರೆ ಎಂಬುದರ ಬಗ್ಗೆ ಜಗತ್ತಿನ ಅರ್ಥಶಾಸ್ತ್ರಜ್ಞರು ಬರೆದದ್ದರಲ್ಲಿ ಒಂದು ದೊಡ್ಡ ಪಾಲು ಈ ಕೆಲವು ಹಳ್ಳಿಗಳ ಲೆಕ್ಕದ ಪುಸ್ತಕದ ಮೇಲೆ ನಿಂತಿದೆ. 2009ರ ನಂತರ ವಿಜಯಪುರ, ತುಮಕೂರು ಜಿಲ್ಲೆಗಳ ಹಳ್ಳಿಗಳೂ ಅದಕ್ಕೆ ಸೇರಿದವು.

ಇಕ್ರಿಸ್ಯಾಟ್‌ನ ಕೆಲಸ ಬೆಳೆಯದ್ದು, ಕಾರ್ಖಾನೆಯದ್ದಲ್ಲ. ಅದನ್ನು ದೂರುವುದು ಸರಿಯಲ್ಲ. ಆದರೆ ಒಂದೇ ಊರಿನಲ್ಲಿ ಒಂದು ಕಡೆ ಹಳ್ಳಿಯೊಂದನ್ನು ದಶಕಗಟ್ಟಲೆ ಕೂತು ಅಳೆಯುವ ವಿದ್ಯೆ ಬೆಳೆಯುತ್ತಿತ್ತು, ಇನ್ನೊಂದು ಕಡೆ ಹಳ್ಳಿಗಳ ನೀರು ಕೆಡುತ್ತಿತ್ತು. ಕೆಡುವ ಮೊದಲು ಅದು ಹೇಗಿತ್ತು ಎಂದು ಯಾರೂ ಬರೆದಿಡಲಿಲ್ಲ. ಈ ಥರದ ಯಾವುದೇ ಮೊಕದ್ದಮೆಯಲ್ಲಿ ವರ್ಷಗಳು ತಿಂದುಹೋಗುವುದು ಇಲ್ಲೇ. ಕಾರ್ಖಾನೆ ಬರುವ ಮೊದಲೂ ನೀರು ಹಾಗೇ ಇತ್ತೇನೋ, ಕಾಯಿಲೆ ಮೊದಲೇ ಇತ್ತೇನೋ ಎಂದು ಒಂದು ಕಡೆಯ ವಕೀಲ ಕೇಳಿದರೆ, ಇನ್ನೊಂದು ಕಡೆಯವರ ಬಳಿ ನೆನಪು ಬಿಟ್ಟು ಬೇರೇನೂ ಇರುವುದಿಲ್ಲ.

ಕಡೇಚೂರಿಗೆ ಮಾಡಬೇಕಾದದ್ದು ಅದನ್ನೇ, ಮತ್ತು ಬೇಗ. ಕೈಗಾರಿಕಾ ಪ್ರದೇಶ ಇನ್ನೂ ಪೂರ್ತಿ ತುಂಬಿಲ್ಲ. ಸುತ್ತಲಿನ ಪ್ರತಿ ಹಳ್ಳಿಯ ಒಂದಿಷ್ಟು ಬಾವಿ, ಬೋರ್‌ವೆಲ್‌ಗಳನ್ನು ಗುರುತು ಮಾಡಿ, ಮಳೆಗಾಲದ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ನೀರು ತೆಗೆದು ಪರೀಕ್ಷಿಸಬೇಕು. ಸಾಮಾನ್ಯ ಪರೀಕ್ಷೆಯ ಜೊತೆಗೆ ದ್ರಾವಕಗಳು, ಆ್ಯಂಟಿಬಯಾಟಿಕ್‌ಗಳನ್ನೂ ನೋಡಬೇಕು, ಏಕೆಂದರೆ ಹುಡುಕದಿದ್ದದ್ದು ಸಿಗುವುದಿಲ್ಲ. ಒಂದಷ್ಟು ಮನೆಗಳ ಆರೋಗ್ಯ, ದುಡಿಮೆ, ಖರ್ಚುಗಳನ್ನು ಅಲ್ಲೇ ಇರುವ ಕನ್ನಡ ಬಲ್ಲ ತನಿಖೆಗಾರ ವರ್ಷಗಟ್ಟಲೆ ಬರೆದಿಡಬೇಕು. ಕಾರ್ಖಾನೆಯಿಂದ ಒಳ್ಳೆಯದೂ ಆಗಿದ್ದರೆ, ಮನೆಯ ಆದಾಯ ಏರಿದ್ದರೆ, ಹುಡುಗಿಯರು ಓದು ಮುಂದುವರಿಸಿದ್ದರೆ, ಅದೂ ಆ ಪುಸ್ತಕದಲ್ಲೇ ಕಾಣಿಸುತ್ತದೆ. ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ, ಕಲಬುರಗಿಯಲ್ಲಿ ವಿಶ್ವವಿದ್ಯಾಲಯಗಳಿವೆ, ಯಾದಗಿರಿಯಲ್ಲೇ ವೈದ್ಯಕೀಯ ಕಾಲೇಜಿದೆ. 371(ಜೆ) ವಿಶೇಷ ಸ್ಥಾನಮಾನದ ಹೆಸರಿನಲ್ಲಿ ಪ್ರತಿ ವರ್ಷ ಈ ಸೀಮೆಗೆ ಬರುವ ಹಣದಲ್ಲಿ ಇದರ ಖರ್ಚು ಹನಿಯಷ್ಟು.

ಇದು ಉದ್ಯಮವನ್ನು ಹೆದರಿಸಿ ಓಡಿಸುವ ದಾರಿ ಎಂದು ವಾದಿಸುವವರಿದ್ದಾರೆ. ಯಾದಗಿರಿಯಿಂದ ಬೆಂಗಳೂರಿಗೆ, ಪುಣೆಗೆ, ಹೈದರಾಬಾದಿಗೇ ಗುಳೆ ಹೋಗುವ ಜನರ ಮುಂದೆ ಈ ವಾದಕ್ಕೆ ತೂಕವಿದೆ, ಅದನ್ನು ನಗುತ್ತಾ ತಳ್ಳಿಹಾಕುವುದು ಹೊಟ್ಟೆ ತುಂಬಿದವರ ಕೆಲಸ. ಆದರೆ ಅಳತೆ ಇಲ್ಲದಿರುವುದೂ ಉದ್ಯಮವನ್ನು ಕಾಪಾಡುವುದಿಲ್ಲ. ತೆಲಂಗಾಣದ ಕೊಡಂಗಲ್ ಬಳಿಯ ಲಗಚೆರ್ಲದಲ್ಲಿ, ಯಾದಗಿರಿಯ ಗುರುಮಠಕಲ್‌ನಿಂದ ಹೆಚ್ಚು ದೂರವಿಲ್ಲದ ಊರಿನಲ್ಲಿ, ಔಷಧ ಕಾರ್ಖಾನೆಗಳಿಗೆಂದು ಭೂಮಿ ಕೇಳಲು 2024ರ ನವೆಂಬರಿನಲ್ಲಿ ಜಿಲ್ಲಾಧಿಕಾರಿ ಹೋದಾಗ ಗಲಭೆಯೇ ಆಯಿತು. ಅದೇ ತಿಂಗಳು ಸರ್ಕಾರ ಭೂಸ್ವಾಧೀನದ ಅಧಿಸೂಚನೆಯನ್ನು ಹಿಂತೆಗೆದುಕೊಂಡಿತು. ತೆಲಂಗಾಣದ ಹಳ್ಳಿಗಳಲ್ಲಿ ‘ಫಾರ್ಮಾ’ ಎಂಬ ಶಬ್ದ ಈಗ ಏನನ್ನು ನೆನಪಿಸುತ್ತದೆ ಎಂಬುದಕ್ಕೆ ಪಟಾನ್‌ಚೆರು ಉತ್ತರ. ಅಲ್ಲಿ ಬಾಗಿಲು ಮುಚ್ಚಿದಷ್ಟೂ ಗಡಿಯ ಈಚೆಗಿನ ಖಾಲಿ ಎಕರೆಗಳ ಬೆಲೆ ಏರುತ್ತದೆ.

ಸೈದಾಪುರದ ರೈಲು ನಿಲ್ದಾಣಕ್ಕೆ ಬಹುಕಾಲ ನಾರಾಯಣಪೇಟ ರೋಡ್ ಎಂದೇ ಹೆಸರಿತ್ತು. ನಾರಾಯಣಪೇಟ ಗಡಿಯಾಚೆಯ ತೆಲಂಗಾಣದ ಊರು. ಸೈದಾಪುರದ ಸಂತೆಯಲ್ಲಿ ಎರಡೂ ಭಾಷೆ ನಡೆಯುತ್ತವೆ, ಬೀಗತನಗಳು ಗಡಿ ಕೇಳಿ ಆಗುವುದಿಲ್ಲ. ಕಾಜಿಪಲ್ಲಿಯದೋ ಗಡ್ಡಪೋತಾರದ್ದೋ ಹಿರಿಯ ರೈತರಿಬ್ಬರನ್ನು ಕರೆಸಿ ಕಡೇಚೂರಿನ ಗ್ರಾಮಸಭೆಯಲ್ಲಿ ಕೂರಿಸಿದರೆ ಅವರ ತೆಲುಗಿಗೆ ಅನುವಾದಕರು ಬೇಕಾಗಲಿಕ್ಕಿಲ್ಲ. ನೀರಿನ ಬಣ್ಣ ಯಾವ ವರ್ಷ ತಿರುಗಿತು, ಮೊದಲು ಕಂಡವರು ಯಾರು, ಅರ್ಜಿ ಯಾವ ಕಚೇರಿಗೆ ಕೊಟ್ಟರು, ಅರ್ಜಿಯ ಪ್ರತಿ ಇಟ್ಟುಕೊಂಡಿದ್ದರೋ ಇಲ್ಲವೋ ಎಂದು ಅವರನ್ನು ಕೇಳಬಹುದು.